ಮಾರ್ಮನ್ ನಾಟಕದಲ್ಲಿ ನಟ-ಬರಹಗಾರ ಆಗಬೇಕಾ? ಪಾತ್ರ ನೀವೇ ಬರೆದುಕೊಳ್ಳಿ

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಮಾರ್ಮನ್ನರು ಅಂದರೆ ಅಮೆರಿಕದಲ್ಲಿ ಹುಟ್ಟಿ ಯೂಟಾ ರಾಜ್ಯದಲ್ಲಿ ಬೇರೂರಿದ ಒಂದು ಕ್ರೈಸ್ತ ಚರ್ಚಿನವರು. ಮಾರ್ಮನ್ ನಾಟಕ ಅಂದರೆ 2011ರಲ್ಲಿ ಬ್ರಾಡ್‌ವೇಗೆ ಬಂದು ಒಂಬತ್ತು ಟೋನಿ ಪ್ರಶಸ್ತಿ ಬಾಚಿಕೊಂಡ 'ದಿ ಬುಕ್ ಆಫ್ ಮಾರ್ಮನ್' ಎಂಬ ಆ ತಮಾಷೆಯ ಮ್ಯೂಸಿಕಲ್ ಅಲ್ಲ. ಅದು ಹೊರಗಿನವರು ಮಾರ್ಮನ್ನರನ್ನು ನೋಡಿ ಬರೆದದ್ದು. (ಚರ್ಚಿನವರು ಅದರ ಜೊತೆ ಜಗಳಕ್ಕೆ ಹೋಗಲಿಲ್ಲ. ಅದೇ ನಾಟಕದ ಪ್ರೇಕ್ಷಕರಿಗೆ ಕೊಡುವ ಪುಸ್ತಿಕೆಯಲ್ಲಿ ಅದೇ ಹೆಸರಿನ ತಮ್ಮ ಧರ್ಮಗ್ರಂಥದ ಜಾಹೀರಾತು ಹಾಕಿಸಿದರು. ಜಾಣರು.) ಮಾರ್ಮನ್ನರು ತಮ್ಮವರಿಗಾಗಿ ತಾವೇ ಬರೆದು ಆಡುವ ನಾಟಕ ಇದೆಯಲ್ಲ, ನಾನು ಹೇಳಲು ಹೊರಟಿರುವುದು ಅದರ ಬಗ್ಗೆ.

ನಾನು ಆ ಚರ್ಚಿನವನಲ್ಲ, ನಾಟಕದ ಹುಚ್ಚು ಮಾತ್ರ ಇರುವವನು. ಆದರೆ ಈ ರಂಗಭೂಮಿಯ ಕಥೆ ಓದುತ್ತಾ ಹೋದಂತೆ ಒಂದು ವಿಷಯ ಎದ್ದು ಕಂಡಿತು. ಇಲ್ಲಿ ನೆಲೆ ನಿಂತವರಲ್ಲಿ ಬಹಳ ಜನ ಬರೀ ನಟರೂ ಅಲ್ಲ, ಬರೀ ಬರಹಗಾರರೂ ಅಲ್ಲ. ಪಾತ್ರ ಕೊಡುವವರು ಯಾರೂ ಇಲ್ಲದಿದ್ದಾಗ ತಾವೇ ಬರೆದುಕೊಂಡು, ತಾವೇ ಬಣ್ಣ ಹಚ್ಚಿಕೊಂಡು ನಿಂತವರು. ನೀವೂ ಆ ದಾರಿ ಹಿಡಿಯಿರಿ ಅನ್ನುವುದೇ ನನ್ನ ಸಲಹೆ.

ಈಗ ದುಡ್ಡಿನ ಮಾತು. ಇದೊಂದರಿಂದಲೇ ಮನೆ ನಡೆಯುತ್ತದೆ ಅಂದುಕೊಂಡು ಬರಬೇಡಿ. ಆರ್ಸನ್ ಸ್ಕಾಟ್ ಕಾರ್ಡ್ ಹೆಸರು ಕೇಳಿರಬಹುದು, ವೈಜ್ಞಾನಿಕ ಕಾದಂಬರಿಗೆ ಹ್ಯೂಗೊ, ನೆಬ್ಯುಲಾ ಪ್ರಶಸ್ತಿ ಎರಡನ್ನೂ ಗೆದ್ದವರು. ಅವರು ಮೊದಲು ಓದಿದ್ದು ನಾಟಕ, ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ. ಚಿಕ್ಕ ವಯಸ್ಸಿನಲ್ಲೇ ಯೂಟಾದಲ್ಲಿ ಸ್ವಂತ ನಾಟಕ ತಂಡ ಕಟ್ಟಿದರು, ಅದು ಮುಳುಗಿತು, ಸಾಲ ತಲೆ ಮೇಲೆ ಕೂತಿತು. ಕಥೆ ಬರೆದು ಮಾರಲು ಶುರು ಮಾಡಿದ್ದಕ್ಕೆ ಆ ಸಾಲವೂ ಒಂದು ಕಾರಣ. ಹಾಗಾಗಿ ತಂಡ ಕಟ್ಟುವ ಮುಂಚೆ ಒಂದು ನೌಕರಿ ಇಟ್ಟುಕೊಳ್ಳಿ. ಪಾಠ ಹೇಳಿ, ಜಾಹೀರಾತಿಗೆ ದನಿ ಕೊಡಿ, ಏನಾದರೂ ಮಾಡಿ.

ಆ ಲೋಕ ಗೊತ್ತಿಲ್ಲದೆ ಬರೆಯಬೇಡಿ

ಚರ್ಚಿನ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಶುರು ಮಾಡಿದ್ದು. "ಮಾರ್ಮನ್" ಅನ್ನುವುದು ಅಡ್ಡಹೆಸರು, ಅದನ್ನು ಬಳಸಬೇಡಿ ಅಂತ 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಕೇಳಿಕೊಂಡರು. ನಾನು ಇಲ್ಲಿ ಬಳಸುತ್ತಿರುವುದು ಓದುವವರಿಗೆ ಗುರುತು ಸಿಗಲಿ ಅಂತ. ನೀವು ಚರ್ಚು ತಯಾರಿಸುವ ವಿಡಿಯೊಗಳಲ್ಲಿ ನಟಿಸಲು ಅರ್ಜಿ ಹಾಕುವಾಗ ಪೂರ್ತಿ ಹೆಸರೇ ಬರೆಯಿರಿ, ಇಲ್ಲದಿದ್ದರೆ ಮೊದಲ ಸಾಲಿನಲ್ಲೇ ಹೊರಗಿನವರು ಅಂತ ಗೊತ್ತಾಗಿಬಿಡುತ್ತದೆ.

ಇಂಥ ಸಣ್ಣ ಸಣ್ಣ ವಿಷಯಗಳಲ್ಲೇ ಹೆಚ್ಚಿನ ಬರಹಗಾರರು ಸಿಕ್ಕಿಬೀಳುವುದು. ಇಲ್ಲಿನ ಬಿಷಪ್ ಅಂದರೆ ನಿಲುವಂಗಿ ತೊಟ್ಟ ಪಾದ್ರಿ ಅಲ್ಲ, ಸೂಟು ಹಾಕಿದ ಪಕ್ಕದ ಮನೆಯವನು, ವಾರವೆಲ್ಲ ಹಲ್ಲು ಕೀಳುವ ಡಾಕ್ಟರೋ ಅಕೌಂಟೆಂಟೋ ಆಗಿದ್ದು ಸಂಬಳವಿಲ್ಲದೆ ಆ ಕೆಲಸ ಮಾಡುವವನು. ಒಂದು ಊರಿನ ಅಥವಾ ಬಡಾವಣೆಯ ಸಭೆಗೆ ವಾರ್ಡ್ ಅನ್ನುತ್ತಾರೆ, ಹಲವು ವಾರ್ಡ್ ಸೇರಿದರೆ ಸ್ಟೇಕ್. ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಅಂತ ಕರೆಯುತ್ತಾರೆ. ಧರ್ಮಪ್ರಚಾರಕ್ಕೆ ಹೋದ ಹುಡುಗ ಹತ್ತೊಂಬತ್ತು ವರ್ಷದವನಾದರೂ ಅವನು ಎಲ್ಡರ್. ಪ್ರಾರ್ಥನೆಯಲ್ಲಿ ಹಂಚುವುದು ಬ್ರೆಡ್ಡು ಮತ್ತು ನೀರು, ವೈನ್ ಅಲ್ಲ. ಕಾಫಿ, ಟೀ, ಮದ್ಯ ಯಾವುದೂ ಇಲ್ಲ. ಹಾಗಾಗಿ ದುಃಖದ ದೃಶ್ಯದಲ್ಲಿ ತಾಯಿ ಪಾತ್ರದ ಕೈಗೆ ಒಂದು ಲೋಟ ಕಾಫಿ ಕೊಟ್ಟಿರೋ, ಸಭಾಂಗಣದಲ್ಲಿ ಕೂತವರಿಗೆ ಆಮೇಲೆ ಆಕೆಯ ದುಃಖ ಕಾಣುವುದಿಲ್ಲ, ಕಾಫಿ ಒಂದೇ ಕಾಣುತ್ತದೆ. ಬಹುಪತ್ನಿತ್ವವನ್ನು ನಿಲ್ಲಿಸುವ ಘೋಷಣೆ ಬಂದದ್ದು 1890ರಲ್ಲಿ. ಇವತ್ತಿನ ಕಥೆಯಲ್ಲಿ ಅದನ್ನು ಸುಮ್ನೆ ಮಸಾಲೆಗೆ ಅಂತ ತುರುಕಬೇಡಿ. ಹಾಗಂತ ಅದು ಮುಟ್ಟಬಾರದ ವಿಷಯವೇನೂ ಅಲ್ಲ. ಮೆಲಿಸ್ಸಾ ಲೈಲಾನಿ ಲಾರ್ಸನ್ 2015ರಲ್ಲಿ ಆ ಪದ್ಧತಿ ಚರ್ಚಿನಲ್ಲಿ ಮತ್ತೆ ಬಂದರೆ ಒಂದು ಮನೆಯಲ್ಲಿ ಏನಾಗುತ್ತದೆ ಅಂತಲೇ ಒಂದು ನಾಟಕ ಬರೆದರು. ಒಳಗಿನ ನೋವು ಗೊತ್ತಿದ್ದು ಬರೆಯುವುದಕ್ಕೂ ಮಸಾಲೆಗೂ ವ್ಯತ್ಯಾಸ ಇದೆ ಅಲ್ವಾ.

ಇನ್ನು, ಧರ್ಮದವರು ನಾಟಕಕ್ಕೆ ಮುಖ ಸಿಂಡರಿಸುತ್ತಾರೆ ಅಂದುಕೊಂಡಿದ್ದರೆ ಇಲ್ಲಿ ಕಥೆ ಉಲ್ಟಾ. 1844ರಲ್ಲಿ ಇಲಿನಾಯ್‌ನ ನಾವೂ ಎಂಬ ಊರಿನಲ್ಲಿ ಆಡಿದ ಒಂದು ನಾಟಕದಲ್ಲಿ ಬ್ರಿಗಮ್ ಯಂಗ್ ಅವರೇ ಪುರೋಹಿತನ ಪಾತ್ರ ಮಾಡಿದ್ದರು. ಮುಂದೆ ಚರ್ಚಿನ ಮುಖ್ಯಸ್ಥರಾಗಿ ಮರುಭೂಮಿಗೆ ಜನರನ್ನು ಕರೆತಂದ ಮೇಲೆ, 1862ರ ಮಾರ್ಚ್‌ನಲ್ಲಿ ಸಾಲ್ಟ್ ಲೇಕ್ ಥಿಯೇಟರ್ ತೆರೆಸಿದರು. ಊರಿಗೆ ಇನ್ನೂ ರೈಲು ಬಂದಿರಲಿಲ್ಲ! ಕೈಯಲ್ಲಿ ನಗದು ಇಲ್ಲದ ಜನ ದವಸ, ಮೊಟ್ಟೆ ಕೊಟ್ಟು ಟಿಕೆಟ್ ಪಡೆಯುತ್ತಿದ್ದರು. ಆದರೆ ಯಂಗ್ ಅವರಿಗೆ ದುರಂತ ನಾಟಕ ಹಿಡಿಸುತ್ತಿರಲಿಲ್ಲ, ಅದನ್ನು ಬಾಯಿಬಿಟ್ಟೇ ಹೇಳಿದ್ದರು. ಆ ರುಚಿ ಇವತ್ತಿಗೂ ಪೂರ್ತಿ ಹೋಗಿಲ್ಲ. ನಗಿಸಲು ಬಂದರೆ ನಿಮಗೆ ಅರ್ಧ ಬಾಗಿಲು ತೆರೆದ ಹಾಗೆ.

ಕಲಿಯುವುದು ಎಲ್ಲಿ?

ಪ್ರೋವೊದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಮೊದಲ ಹೆಸರು. ಅದು ಚರ್ಚಿನದ್ದೇ, ನಡತೆಯ ನಿಯಮಗಳಿಗೆ ಒಪ್ಪಿ ಸಹಿ ಹಾಕಬೇಕು. ಸರ್ಕಾರಿ ಕಾಲೇಜಿಗೆ ಹೋಗುವುದಾದರೆ ಏನು ಆಡುತ್ತೀರಿ, ಏನು ಆಡುವುದಿಲ್ಲ ಅನ್ನುವುದನ್ನು ಮೊದಲ ದಿನವೇ ಮಾತಾಡಿಕೊಳ್ಳಿ, ಸಾಧ್ಯವಾದರೆ ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಯೂಟಾ ವಿಶ್ವವಿದ್ಯಾಲಯದ ನಟನಾ ತರಗತಿಯಲ್ಲಿ ಒಬ್ಬ ಮಾರ್ಮನ್ ವಿದ್ಯಾರ್ಥಿನಿ, ದೇವರ ಹೆಸರು ಹಿಡಿದು ಬೈಯುವ ಮಾತು, ಕೆಟ್ಟ ಬೈಗುಳ ಹೇಳುವುದಿಲ್ಲ ಅಂದಿದ್ದಕ್ಕೆ ಜಟಾಪಟಿ ಆಗಿ, ಅದು 2000ದಲ್ಲಿ ಕೋರ್ಟಿಗೆ ಹೋಯಿತು. 2004ರಲ್ಲಿ ಮೇಲಿನ ಕೋರ್ಟು ಅವಳ ದೂರನ್ನು ಕೇಳಬೇಕು ಅಂತ ವಾಪಸ್ ಕಳಿಸಿದ ಮೇಲೆ ರಾಜಿಯಲ್ಲಿ ಮುಗಿಯಿತು. ನನ್ನ ಅಭಿಪ್ರಾಯ ಕೇಳಿದರೆ, ಕೆಟ್ಟವನ ಬಾಯಲ್ಲಿ ಕೆಟ್ಟ ಮಾತು ಬರದೆ ಇನ್ನೇನು ಬರಬೇಕು? ಆದರೆ ಆ ಗೆರೆ ಎಳೆದುಕೊಳ್ಳಬೇಕಾದವರು ನೀವು. ಎಳೆದುಕೊಂಡ ಮೇಲೆ ಮುಚ್ಚಿಡಬೇಡಿ.

ಹಿಂದೆ ಇನ್ನೊಂದು ದೊಡ್ಡ ಶಾಲೆ ಇತ್ತು, ಬಯಲು ಪ್ರದರ್ಶನಗಳದ್ದು. ನ್ಯೂಯಾರ್ಕಿನ ಕುಮೋರಾ ಗುಡ್ಡದ ಮೇಲೆ 1937ರಿಂದ ಬೇಸಿಗೆಯಲ್ಲಿ ಅವರ ಗ್ರಂಥದ ಕಥೆಯನ್ನು ಆಡುತ್ತಿದ್ದರು. ಏಳುನೂರಕ್ಕೂ ಹೆಚ್ಚು ಜನ ಸ್ವಯಂಸೇವಕರು, ಇಡೀ ಕುಟುಂಬಗಳೇ ರಜೆ ಹಾಕಿ ಬಂದು ವೇಷ ಕಟ್ಟುತ್ತಿದ್ದರು. ಮಾತು, ಸಂಗೀತ ಎಲ್ಲ ಮೊದಲೇ ಧ್ವನಿಮುದ್ರಣ ಆಗಿರುತ್ತಿತ್ತು. ಕಲಾವಿದರು ಬಾಯಾಡಿಸುತ್ತಾ ದೂರದ ಕೊನೇ ಸಾಲಿಗೂ ಕಾಣುವಂತೆ ಕೈಕಾಲು ದೊಡ್ಡದಾಗಿ ಆಡಿಸಬೇಕು. 1988ರಲ್ಲಿ ಹೊಸ ಪಠ್ಯ ಬರೆದುಕೊಟ್ಟವರು ಅದೇ ಆರ್ಸನ್ ಸ್ಕಾಟ್ ಕಾರ್ಡ್. ಆದರೆ 2018ರಲ್ಲಿ ಚರ್ಚು ದೊಡ್ಡ ಪ್ರದರ್ಶನಗಳು ಸಾಕು ಎಂಬರ್ಥದ ಹೇಳಿಕೆ ಕೊಟ್ಟಿತು, 2019ರ ಪ್ರದರ್ಶನವೇ ಕೊನೆಯದಾಯಿತು. 2020ರಲ್ಲಿ ವಿದಾಯದ ಆಟ ಆಡಬೇಕೆಂದಿದ್ದರು, ಕೋವಿಡ್ ಅದನ್ನೂ ನುಂಗಿತು. ಯೂಟಾದ ಮ್ಯಾಂಟಿಯಲ್ಲಿ 1967ರಿಂದ ನಡೆಯುತ್ತಿದ್ದದ್ದೂ 2019ಕ್ಕೆ ನಿಂತಿತು. ಇಲಿನಾಯ್‌ನ ನಾವೂ ಊರಿನಲ್ಲಿ ಮತ್ತು ಅರಿಜೋನಾದ ಮೆಸಾದಲ್ಲಿ ಮುಂದುವರಿಸಿದರು. ಅವಕಾಶ ಸಿಕ್ಕರೆ ಸಂಬಳ ಕೇಳದೆ ಹೋಗಿ. ಜನಜಂಗುಳಿಯಲ್ಲಿ ನಿಂತು ಆಡುವುದು ತರಗತಿಯಲ್ಲಿ ಬರುವುದಿಲ್ಲ.

ಪಾತ್ರ ಬರೆದುಕೊಳ್ಳುವುದು

ಇದೇ ನಿಜವಾದ ಕೆಲಸ. ಮೊದಲು ಹೇಲ್ ದಂಪತಿಯನ್ನು ನೋಡಿ. ರೂತ್ ಮತ್ತು ನೇಥನ್ ಹೇಲ್ ಚರ್ಚಿನ ಗುಂಪಿನಲ್ಲಿ ನಾಟಕ ಆಡಿಸುತ್ತಿದ್ದವರು. ಬೇರೆಯವರ ನಾಟಕ ಆಡಿದರೆ ರಾಯಲ್ಟಿ ಕೊಡಬೇಕು, ಅಷ್ಟು ದುಡ್ಡಿಲ್ಲ ಅಂತ ತಾವೇ ಬರೆಯತೊಡಗಿದರು. ಆಮೇಲೆ ಕ್ಯಾಲಿಫೋರ್ನಿಯಾಗೆ ಹೋಗಿ 1947ರಲ್ಲಿ ಗ್ಲೆಂಡೇಲ್‌ನಲ್ಲಿ ಸ್ವಂತ ರಂಗಮಂದಿರ ತೆರೆದರು. ಬರೆಯುವವರು ಅವರೇ, ಆಡುವವರೂ ಅವರೇ. 1985ರಲ್ಲಿ ಸಾಲ್ಟ್ ಲೇಕ್‌ನಲ್ಲಿ ಶುರುವಾದ ಹೇಲ್ ಸೆಂಟರ್ ಥಿಯೇಟರ್ ಅದೇ ಮನೆತನದ್ದು, ಈಗ ಸ್ಯಾಂಡಿಯಲ್ಲಿ ದೊಡ್ಡ ಕಟ್ಟಡದಲ್ಲಿದೆ.

ಎರಡನೆಯವರು ಜೇಮ್ಸ್ ಆರಿಂಗ್ಟನ್. ಇವರ ದಾರಿ ನನಗೆ ತುಂಬಾ ಇಷ್ಟ. ಬ್ರಿಗಮ್ ಯಂಗ್ ಬಗ್ಗೆ ತಾವೇ ಒಂದು ಏಕವ್ಯಕ್ತಿ ನಾಟಕ ಬರೆದು, 1970ರ ದಶಕದಲ್ಲಿ ತಾವೇ ಆ ಗಡ್ಡ ಅಂಟಿಸಿಕೊಂಡು ಆಡಿದರು. ಅವರ ತಂದೆ ಲಿಯೊನಾರ್ಡ್ ಆರಿಂಗ್ಟನ್ ಚರ್ಚಿನ ಅಧಿಕೃತ ಇತಿಹಾಸಕಾರರಾಗಿದ್ದವರು, ಅಂದರೆ ಮನೆಯಲ್ಲೇ ದಾಖಲೆಗಳ ಗಾಳಿ ಇತ್ತು ಅನ್ನಿ. ಆದರೆ ಅವರ ಜಾಣತನ ಕಾಣುವುದು ಇನ್ನೊಂದು ನಾಟಕದಲ್ಲಿ, ಫಾರ್ಲಿ ಎಂಬ ಕುಟುಂಬದ ಸಮಾಗಮದ ಬಗ್ಗೆ ಬರೆದದ್ದರಲ್ಲಿ. ಅಲ್ಲಿ ಅವರೊಬ್ಬರೇ ಅಜ್ಜ, ಅತ್ತೆ, ತುಂಟ ಮಗು ಎಲ್ಲ ಆಗುತ್ತಾರೆ, ನೋಡಲು ಬಂದ ಜನರನ್ನೇ ನೆಂಟರೆಂದು ಮಾತಾಡಿಸುತ್ತಾರೆ. ಧರ್ಮದ ಪಾಠ ಹೇಳುವ ಗೋಜಿಗೆ ಹೋಗದೆ ಆ ಜನರ ಮನೆಯನ್ನೇ ವೇದಿಕೆಗೆ ತಂದುಬಿಟ್ಟರು.

ನೀವು ಹೀಗೊಂದು ಬರೆಯುವುದಾದರೆ, ದನಿ ದಾಖಲಾಗಿರುವ ಒಬ್ಬರನ್ನು ಹಿಡಿಯಿರಿ. ಬ್ರಿಗಮ್ ಯಂಗ್ ಮತ್ತಿತರರ ಉಪದೇಶಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು 26 ಸಂಪುಟಗಳಲ್ಲಿ ಅಚ್ಚು ಹಾಕಿದ್ದಾರೆ, ಯಾರು ಬೇಕಾದರೂ ಓದಬಹುದು. ದಿನಚರಿ ಬರೆಯುವುದು ಈ ಸಮುದಾಯದ ಅಭ್ಯಾಸ, ಹಾಗಾಗಿ ಹೆಸರಿಲ್ಲದ ಹೆಣ್ಣುಮಕ್ಕಳ ದನಿಯೂ ಸಿಗುತ್ತದೆ, ಅದನ್ನು ಬಿಡಬೇಡಿ. ಗಟ್ಟಿಯಾಗಿ ಓದಿ. ಬಾಯಿಗೆ ಹೊಂದುವ ಮಾತನ್ನು ಬೇರೆ ಇಡಿ, ಪುಸ್ತಕದ ಮಾತನ್ನು ಎಸೆಯಿರಿ. ಸಂತನನ್ನು ಬರೆಯಬೇಡಿ, ಸಂತನಿಗೆ ಸಿಟ್ಟು ಬಂದ ದಿನವನ್ನು ಬರೆಯಿರಿ. ರಂಗಸಜ್ಜಿಕೆ ಒಂದು ಕುರ್ಚಿ, ಒಂದು ಕೋಟು, ಒಂದು ಪೆಟ್ಟಿಗೆ, ಅಷ್ಟೇ. ಕಾರಿನ ಡಿಕ್ಕಿಯಲ್ಲಿ ಹಿಡಿಯದಿದ್ದರೆ ಆ ನಾಟಕ ಊರೂರು ತಿರುಗುವುದಿಲ್ಲ.

ಊರೂರು ತಿರುಗುವುದಕ್ಕೆ ಕ್ಯಾರೊಲ್ ಲಿನ್ ಪಿಯರ್ಸನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1939ರಲ್ಲಿ ಹುಟ್ಟಿದವರು, ನಾಟಕದಲ್ಲೇ ಎಂಎ. ಮೊದಲ ಕವನ ಸಂಕಲನವನ್ನು 1967ರಲ್ಲಿ ಗಂಡ ಹೆಂಡತಿ ಸೇರಿ ತಾವೇ ಪ್ರಕಟಿಸಿದರು. 1970ರ ದಶಕದಲ್ಲಿ ಮಕ್ಕಳಿಗೆ ಅಚ್ಚುಮೆಚ್ಚಾದ ಮ್ಯೂಸಿಕಲ್ ಬರೆದರು. ಹೀಗೆ ಚರ್ಚಿನ ಜನರ ಮನೆಮಾತಾದ ಮೇಲೆ, 1989ರಲ್ಲಿ ದೇವರಲ್ಲಿ ತಾಯಿಯನ್ನು ಹುಡುಕುವ ಹದಿನಾರು ಹೆಂಗಸರ ನಾಟಕ ಬರೆದು, ಹದಿನಾರನ್ನೂ ಒಬ್ಬರೇ ಆಡಿದರು, ಮುನ್ನೂರಕ್ಕೂ ಹೆಚ್ಚು ಸಲ. 2006ರಲ್ಲಿ ಸಾಲ್ಟ್ ಲೇಕ್‌ನ ಪ್ಲ್ಯಾನ್-ಬಿ ತಂಡ ಆಡಿದ ಅವರ ನಾಟಕದಲ್ಲಿ ಸಲಿಂಗಿ ಮಗನನ್ನು ಆತ್ಮಹತ್ಯೆಗೆ ಕಳೆದುಕೊಂಡ ತಂದೆತಾಯಿ ಸಮಾಧಿಯ ಬಳಿ ನಿಂತಿರುತ್ತಾರೆ. ಗಮನಿಸಿ, ಗಟ್ಟಿ ಪ್ರಶ್ನೆ ಕೇಳುವ ಮುಂಚೆ ಎರಡು ದಶಕ ಅವರೊಡನೆ ಕೂತು ನಕ್ಕು ಹಾಡಿದ್ದರು.

ಕ್ಯಾಮೆರಾ ಮುಂದೆ

ಚರ್ಚಿನದ್ದೇ ಚಿತ್ರ ಸ್ಟುಡಿಯೊ ಇದೆ, ಪ್ರೋವೊದಲ್ಲಿ. ಗೋಶನ್ ಎಂಬ ಹಳ್ಳಿಯಲ್ಲಿ ಹಳೆಯ ಜೆರುಸಲೇಮಿನ ಇಡೀ ಸೆಟ್ಟನ್ನೇ ಕಟ್ಟಿದ್ದಾರೆ, ಬೈಬಲ್ ವಿಡಿಯೊಗಳಿಗಾಗಿ. ಗಡ್ಡ ಬಿಟ್ಟ, ಮೈಬಣ್ಣ ಸ್ವಲ್ಪ ಗಾಢವಾದ ನಟರಿಗೆ ಅಲ್ಲಿ ಪಾತ್ರ ಹೊಂದುತ್ತದೆ. ನಮ್ಮವರು ಯಾರಾದರೂ ಯೂಟಾದಲ್ಲಿದ್ದರೆ ಕೇಳಿಸಿಕೊಳ್ಳಿ.

ಸ್ವಂತ ಸಿನಿಮಾ ಮಾಡುವವರು ರಿಚರ್ಡ್ ಡಚರ್ ಕಥೆ ತಿಳಿದಿರಬೇಕು. 2000ದಲ್ಲಿ ಸುಮಾರು ಮೂರು ಲಕ್ಷ ಡಾಲರ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಮನೆ ಮನೆ ಬಾಗಿಲು ತಟ್ಟುವ ಪ್ರಚಾರಕ ಹುಡುಗರ ಬಗ್ಗೆ ಚಿತ್ರ ಮಾಡಿದರು. ಬರೆದರು, ನಿರ್ದೇಶಿಸಿದರು, ಮುಖ್ಯ ಪಾತ್ರವನ್ನೂ ಮಾಡಿದರು. ಇಪ್ಪತ್ತೈದು ಲಕ್ಷ ಡಾಲರ್‌ಗೂ ಮೇಲೆ ಗಳಿಸಿತು. ಅದನ್ನು ನೋಡಿ ಎಲ್ಲರೂ ಮುಗಿಬಿದ್ದರು, ಕೆಲವೇ ವರ್ಷದಲ್ಲಿ ಪೇಲವ ಹಾಸ್ಯ ಚಿತ್ರಗಳ ರಾಶಿ ಬಿತ್ತು, ಜನಕ್ಕೆ ಸಾಕಾಯಿತು. ಡಚರ್ 2007ರಲ್ಲಿ ಚರ್ಚಿನಿಂದಲೇ ದೂರ ಸರಿದರು.

ಚರ್ಚಿನ ಜೊತೆಗಿನ ಸಂಬಂಧ ಎಳೆದಾಟದ್ದೇ. ಟಾಮಸ್ ರಾಜರ್ಸ್ ಅನ್ನುವ ಪ್ರಾಧ್ಯಾಪಕರು 1976ರಲ್ಲಿ ಹೆಲ್ಮುಟ್ ಹ್ಯೂಬನರ್ ಬಗ್ಗೆ ನಾಟಕ ಬರೆದರು. ನಾಜಿಗಳ ವಿರುದ್ಧ ಕರಪತ್ರ ಹಂಚಿದ್ದಕ್ಕೆ 1942ರಲ್ಲಿ ಹದಿನೇಳನೇ ವಯಸ್ಸಿಗೆ ಮರಣದಂಡನೆಯಾಗಿ ತಲೆ ಕಳೆದುಕೊಂಡ ಜರ್ಮನ್ ಮಾರ್ಮನ್ ಹುಡುಗ ಅವನು. ಆಗ ಸ್ಥಳೀಯ ಮುಖಂಡ ಅವನನ್ನು ಚರ್ಚಿನಿಂದ ಹೊರಹಾಕಿದ್ದ, ಯುದ್ಧ ಮುಗಿದ ಮೇಲೆ ಅದನ್ನು ರದ್ದು ಮಾಡಿದರು. ನಾಟಕ ನೋಡಲು ಜನ ತುಂಬಿದ್ದರು, ಆದರೂ ಮುಂದೆ ಆಡಬೇಡಿ ಅಂತ ಮೇಲಿನಿಂದ ಮಾತು ಬಂತು. ಇಂಥದ್ದು ಬರೆದರೆ ಚರ್ಚಿಗೆ ಸೇರದ ಒಂದು ವೇದಿಕೆಯನ್ನು ಮೊದಲೇ ನೋಡಿಕೊಂಡಿರಿ. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಹೊರಗಿನವರಿಗೆ ತೋರಿಸದ, ದೇವಾಲಯದೊಳಗಿನ ವಿಧಿಗಳನ್ನು ವೇದಿಕೆಗೆ ತರಬೇಡಿ. 2009ರಲ್ಲಿ ಒಂದು ಟಿವಿ ಧಾರಾವಾಹಿ ಅದನ್ನು ತೋರಿಸಿ ಇಡೀ ಸಮುದಾಯದ ಮನಸ್ಸು ನೋಯಿಸಿತು. ಬೆಂಗಳೂರಿನಲ್ಲೂ ಅವರ ದೇವಾಲಯಕ್ಕೆ 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಪೂಜೆ ಆಗಿದೆ, ಹಾಗಾಗಿ ಇದು ಎಲ್ಲೋ ದೂರದವರ ವಿಷಯ ಅಂದುಕೊಳ್ಳಬೇಡಿ.

ಕೊನೆಗೆ ಪ್ರಯೋಗದ ದಿನ ಗೊತ್ತು ಮಾಡುವುದು. ಭಾನುವಾರ ಬೇಡವೇ ಬೇಡ. ಸೋಮವಾರ ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂರುವ ಹೊತ್ತು, ಅದೂ ಬೇಡ. ಶುಕ್ರವಾರ ರಾತ್ರಿ, ಶನಿವಾರ ಎರಡು ಆಟ, ಇದು ಸರಿ. ಚರ್ಚಿನ ಸಭಾಂಗಣದಲ್ಲೇ ಆಡಲು ಒಪ್ಪಿದರೆ ಒಂದು ದಿನ ಮೊದಲೇ ಹೋಗಿ ನೋಡಿ ಬನ್ನಿ, ಯಾಕೆಂದರೆ ಬಹಳ ಕಡೆ ಆ ಹಾಲ್ ಬಾಸ್ಕೆಟ್‌ಬಾಲ್ ಅಂಗಳವೂ ಹೌದು. ನಿಮ್ಮ ಬ್ರಿಗಮ್ ಯಂಗ್ ಕಣ್ಣೀರಿಡುವಾಗ ತಲೆಯ ಮೇಲೆ ಬುಟ್ಟಿ ನೇತಾಡುತ್ತಿರಬಾರದು. ಅದನ್ನು ಮಡಚಿ ಮೇಲೆತ್ತುವ ಕೀಲಿ ಯಾರ ಹತ್ತಿರ ಇದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.