ಮೂವತ್ತೈದಕ್ಕೆ ಟೇಪ್ ಸುತ್ತಿ ಕಲಿತ ಫೋಟೋಗ್ರಫಿ

ಹೋದ ಕೊಯ್ಲಿನಲ್ಲಿ ತೆಗೆದ ಚಿತ್ರಗಳಲ್ಲಿ ಹನ್ನೆರಡನ್ನು ಆರಿಸಿ ಒಬ್ಬ ಅಡಿಕೆ ಮಂಡಿಯವರು ಕ್ಯಾಲೆಂಡರಿಗೆ ಹಾಕಿದರು. 18,000 ರೂಪಾಯಿ ಕೊಟ್ಟರು. ಅಷ್ಟೂ ಚಿತ್ರ ತೆಗೆದದ್ದು ಕ್ಯಾನನ್ 1200ಡಿ ಮತ್ತು ಅದರ ಜೊತೆ ಬಂದ 18-55 ಮಿ.ಮೀ. ಜೂಮ್ ಲೆನ್ಸಿನಲ್ಲಿ (18ರಲ್ಲಿ ಅಗಲದ ನೋಟ, 55ರಲ್ಲಿ ಹತ್ತಿರದ ನೋಟ). ಎರಡೂ ಸೆಕೆಂಡ್ ಹ್ಯಾಂಡ್. "ಇದರಲ್ಲಿ ಏನೂ ಆಗಲ್ಲ ಅಕ್ಕ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ತಗೊಳಿ, ಇಲ್ಲಾಂದ್ರೆ ಮೊಬೈಲಲ್ಲೇ ತೆಗೀರಿ" ಎಂದಿದ್ದ ತೀರ್ಥಹಳ್ಳಿ ಕಡೆಯ ಸ್ಟುಡಿಯೋದವರು ಈಗ ತಮ್ಮ ತಂಗಿಯ ಮಗನನ್ನು ಕಲಿಯಲಿಕ್ಕೆಂದು ನಮ್ಮ ಮನೆಗೇ ಕಳಿಸುತ್ತಿದ್ದಾರೆ. ಅದಕ್ಕೇ ನಾನು ಹೇಗೆ ಕಲಿತೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ) ಎಂದರೇನು, ಶಟರ್ (ಬೆಳಕು ಎಷ್ಟು ಹೊತ್ತು ಬೀಳಬೇಕೆಂದು ಅಳೆಯುವ ಬಾಗಿಲು) ಎಂದರೇನು ಎಂದು ಇಲ್ಲಿ ಉದ್ದಕ್ಕೆ ಹೇಳುವುದಿಲ್ಲ. ಅದು ನಿಮಗೆಲ್ಲ ಗೊತ್ತು. ಗೊತ್ತಿದ್ದೂ ಕೈಗೆ ಬರದೆ ಇದ್ದದ್ದೇ ನನ್ನ ಕಷ್ಟವಾಗಿತ್ತು.

ಕ್ಯಾಮೆರಾ ಕೊಂಡದ್ದು 2019ರಲ್ಲಿ, ಶಿವಮೊಗ್ಗದಲ್ಲಿ, 14,000ಕ್ಕೆ. ಆಗ ನನಗೆ ನಲವತ್ತೊಂದು. ಮೊದಲ ವರ್ಷ ಪೂರ್ತಿ ವ್ಯರ್ಥವಾಯಿತು. ಸುಮಾರು ಒಂಬತ್ತು ಸಾವಿರ ಚಿತ್ರ ತೆಗೆದಿರಬೇಕು. ಇಟ್ಟುಕೊಳ್ಳುವಂಥವು ನಾಲ್ಕೂ ಇರಲಿಲ್ಲ. ಬೆಂಗಳೂರಿನಲ್ಲಿ ಎರಡು ದಿನದ ತರಬೇತಿಗೆ 6,500 ಕಟ್ಟಿದೆ. ಬಸ್ಸು, ಊಟ ಸೇರಿ ಒಂಬತ್ತು ಸಾವಿರ ಹೋಯಿತು. ಮೊದಲ ದಿನ ಸ್ಲೈಡ್ ತೋರಿಸಿದರು, ಎರಡನೇ ದಿನ ಒಬ್ಬ ರೂಪದರ್ಶಿಯನ್ನು ನಿಲ್ಲಿಸಿ, ಲೈಟ್ ಅವರೇ ಹೊಂದಿಸಿ, ಸೆಟ್ಟಿಂಗ್ ಅವರೇ ಹೇಳಿ ಇಪ್ಪತ್ತು ಜನರ ಕೈಲಿ ಕ್ಲಿಕ್ ಮಾಡಿಸಿದರು. ಎಲ್ಲರ ಚಿತ್ರವೂ ಚೆನ್ನಾಗಿ ಬಂತು. ಮನೆಗೆ ಬಂದು ಅತ್ತೆಯವರು ಒಲೆ ಮುಂದೆ ಕೂತದ್ದನ್ನು ತೆಗೆಯಲು ಹೋದರೆ ಮುಖವೇ ಕಾಣದಷ್ಟು ಕಪ್ಪು.

2020ರ ಮಳೆಗಾಲದಲ್ಲಿ ಹೊರಗೆ ಹೋಗುವ ಹಾಗೂ ಇರಲಿಲ್ಲ, ಬರುವವರೂ ಇರಲಿಲ್ಲ. ಆಗ ಹಳೆಯ ಚಿತ್ರಗಳನ್ನೆಲ್ಲ ಕೂತು ನೋಡಿದೆ. ಒಂದೇ ಬಾಗಿಲನ್ನು 18ರಲ್ಲಿ, 24ರಲ್ಲಿ, 40ರಲ್ಲಿ, 55ರಲ್ಲಿ ತೆಗೆದಿದ್ದೆ. ನಿಂತ ಜಾಗ ಮಾತ್ರ ಬದಲಾಗಿರಲಿಲ್ಲ. ಅವತ್ತೇ ಜೂಮ್ ರಿಂಗನ್ನು 35ಕ್ಕೆ ತಂದು ಟೇಪ್ ಸುತ್ತಿಬಿಟ್ಟೆ. ನಮ್ಮ ಸಣ್ಣ ಸೆನ್ಸರಿನಲ್ಲಿ ಅದು ಹಳೇ ಫಿಲ್ಮ್ ಕ್ಯಾಮೆರಾದ 56ರ ಲೆಕ್ಕಕ್ಕೆ ಬರುತ್ತದೆ. 50ರ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಆಗ ಅದಕ್ಕೆ ಎಂಟು ಸಾವಿರದ ಹತ್ತಿರ ಬೆಲೆ, ಮೇಲಾಗಿ ಅದು ನಮ್ಮ ಸೆನ್ಸರಿನಲ್ಲಿ 80 ಆಗುತ್ತದೆ, ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಒತ್ತಿ ನಿಂತರೂ ಒಲೆ ಮತ್ತು ಮನುಷ್ಯರು ಒಟ್ಟಿಗೆ ಹಿಡಿಸುವುದಿಲ್ಲ. ಟೇಪಿಗೆ ಇಪ್ಪತ್ತು ರೂಪಾಯಿ. ಕರೆಂಟಿನವರ ಕಪ್ಪು ಟೇಪ್ ಬೇಡ, ಅಂಟು ಕರಗಿ ರಿಂಗಿಗೆ ಹತ್ತುತ್ತದೆ. ಗಾಯಕ್ಕೆ ಹಾಕುವ ಕಾಗದದ ಟೇಪ್ ಸಾಕು. 35ರಲ್ಲಿ ಈ ಲೆನ್ಸಿನ ಕಂಡಿ ಎಫ್ 4.5ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಸಣ್ಣದಾದಷ್ಟೂ ಕಂಡಿ ದೊಡ್ಡದು). ಅದೂ ಒಳ್ಳೆಯದೇ ಆಯಿತು. ಹಿನ್ನೆಲೆ ಮಸುಕು ಮಾಡಿ ಪಾರಾಗುವ ದಾರಿ ಮುಚ್ಚಿತು, ಹಿನ್ನೆಲೆಯನ್ನೂ ನೋಡಿಯೇ ನಿಲ್ಲಬೇಕಾಯಿತು.

ಎರಡನೆಯದು ಕಾರ್ಡ್. ಡ್ರಾಯರಿನಲ್ಲಿ ಒಂದು ಜಿಬಿಯ ಹಳೇ ಎಸ್‌ಡಿ ಕಾರ್ಡ್ ಬಿದ್ದಿತ್ತು. ರಾ ಫೈಲಿನಲ್ಲಿ (ಸೆನ್ಸರ್ ಕಂಡದ್ದೆಲ್ಲ ಇರುವ ದೊಡ್ಡ ಫೈಲ್) ತೆಗೆದರೆ ಅದರಲ್ಲಿ ಮೂವತ್ತೇಳೋ ಮೂವತ್ತೆಂಟೋ ಹಿಡಿಸುತ್ತಿತ್ತು. ಹಳೇ ಕಾಲದ ಒಂದು ರೋಲ್ ಎಂದಿಟ್ಟುಕೊಳ್ಳಿ. ವಾರಕ್ಕೆ ಒಂದೇ ಕಾರ್ಡ್, ನಡುವೆ ಅಳಿಸುವಂತಿಲ್ಲ. ಹಿಂದಿನ ಪರದೆಗೆ ಮದುವೆ ಕಾಗದದ ರಟ್ಟು ಕತ್ತರಿಸಿ ಅಂಟಿಸಿದೆ. ಸೆಟ್ಟಿಂಗ್ ಎಲ್ಲ ಕಣ್ಣಿಟ್ಟು ನೋಡುವ ವ್ಯೂಫೈಂಡರಿನ ಒಳಗೇ ಕಾಣುತ್ತದೆ, ಪರದೆಯ ಅಗತ್ಯವೇ ಇಲ್ಲ. ಮೊದಲ ಎರಡು ವಾರ ತುಂಬಾ ಕಷ್ಟವಾಯಿತು. ತೆಗೆದ ಕೂಡಲೇ ಕೈ ತಾನಾಗಿ ಹಿಂದೆ ತಿರುಗಿಸುತ್ತಿತ್ತು. ಮೂರನೇ ವಾರದಿಂದ ಒತ್ತುವ ಮುಂಚೆಯೇ ನೋಡುವುದು ಅಭ್ಯಾಸವಾಯಿತು.

ಮೂರನೆಯದೇ ನಿಜವಾದ ಮದ್ದು. ಅಡಿಕೆ ಲೆಕ್ಕದ ಉದ್ದ ಪುಸ್ತಕವೊಂದನ್ನು ತೆಗೆದುಕೊಂಡು, ಕ್ಯಾಮೆರಾ ಕಣ್ಣಿಗೆ ಹಿಡಿಯುವ ಮುಂಚೆ ಬರೆಯುತ್ತಿದ್ದೆ: ಜಾಗ, ಹೊತ್ತು, ನನ್ನ ಅಂದಾಜಿನ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಎಂಬ ಅಳತೆ), ಎಫ್, ಶಟರ್. ಆಮೇಲೆ ಕ್ಯಾಮೆರಾದೊಳಗಿನ ಬೆಳಕಿನ ಮೀಟರ್ ಏನು ಹೇಳುತ್ತದೆ ನೋಡಿ ಪಕ್ಕದಲ್ಲಿ ಬರೆದು, ಎಷ್ಟು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ತಪ್ಪಿದೆ ಎಂದು ಕೊನೆಯ ಸಾಲಿನಲ್ಲಿ ಹಾಕುತ್ತಿದ್ದೆ. ನೆಟ್ಟ ಬಿಸಿಲಿನಲ್ಲಿ ಎಫ್ 16, ಐಎಸ್‌ಒ 100, ಶಟರ್ ಸೆಕೆಂಡಿನ ನೂರನೇ ಒಂದು ಎಂಬ ಹಳೇ ಸೂತ್ರವನ್ನು ಮೊದಲ ಗೂಟವಾಗಿ ಹೂಡಿಕೊಂಡೆ. ಅಲ್ಲಿಂದ ಇಳಿಯುತ್ತ ಹೋಗುವುದು. ನನ್ನ ಪುಸ್ತಕದ ಪ್ರಕಾರ ನಮ್ಮ ತೋಟದೊಳಗೆ ಅದಕ್ಕಿಂತ ಐದು ಸ್ಟಾಪ್ ಕಡಿಮೆ, ಮಳೆ ಮೋಡ ಕವಿದರೆ ಏಳು. ಜಗಲಿಯಲ್ಲಿ ಆರು. ಅಡುಗೆಮನೆಯಲ್ಲಿ ಐಎಸ್‌ಒ 1600, ಎಫ್ 4.5, ಮೂವತ್ತನೇ ಒಂದು, ಅದೂ ಕಿಟಕಿ ತೆರೆದಿದ್ದರೆ. ಶುರುವಿನಲ್ಲಿ ಮೂರು ಸ್ಟಾಪ್ ತಪ್ಪುತ್ತಿದ್ದೆ. ನಾಲ್ಕು ತಿಂಗಳಿಗೆ ಒಂದರೊಳಗೆ ಬಂತು. ಈಗ ಕೋಣೆಗೆ ಕಾಲಿಟ್ಟರೆ ಸಂಖ್ಯೆ ತಲೆಯಲ್ಲಿ ಬರುತ್ತದೆ. ಇಪ್ಪತ್ತು ವರ್ಷದಿಂದ ಮದುವೆ ತೆಗೆಯುವವರ ಜೊತೆ ಪಂದ್ಯ ಕಟ್ಟಿ ಗೆದ್ದಿದ್ದೇನೆ, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆದರೆ ಮೀಟರ್ ಹೇಳುವುದೇ ಸತ್ಯವಲ್ಲ. ಅದು ತಲೆಗೆ ಹೋದದ್ದು ಪಂಚೆ, ಕಂಬಳಿ, ಚಾಪೆ ಇಟ್ಟುಕೊಂಡು. ಮಾವನವರ ಬಿಳಿ ಪಂಚೆ, ಗದ್ದೆಗೆ ಕೊಪ್ಪೆ ಹಾಕುವ ಕರಿ ಕಂಬಳಿ, ಹಳೇ ಈಚಲು ಚಾಪೆ ಮೂರನ್ನೂ ಅಂಗಳದಲ್ಲಿ ಒಂದೇ ನೆರಳಿನಲ್ಲಿ ಹಾಸಿ, ಒಂದೊಂದೂ ಫ್ರೇಮ್ ತುಂಬುವ ಹಾಗೆ, ಮೀಟರ್ ಹೇಳಿದಂತೆ ತೆಗೆದೆ. ಪಂಚೆ ಬೂದಿ ಬಣ್ಣ, ಕಂಬಳಿಯೂ ಬೂದಿ ಬಣ್ಣ. ಚಾಪೆ ಮಾತ್ರ ಚಾಪೆಯ ಹಾಗೆ ಬಂತು. ಮೀಟರಿಗೆ ಜಗತ್ತೆಲ್ಲ ಚಾಪೆಯೇ. ಪಂಚೆಗೆ ಒಂದೂವರೆ ಸ್ಟಾಪ್ ಏರಿಸಿದೆ, ಕಂಬಳಿಗೆ ಒಂದೂವರೆ ಇಳಿಸಿದೆ. ಸರಿಯಾಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡು ಮಂಡಗದ್ದೆಗೆ ಹೋದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ ಗೂಡು ಕಟ್ಟುತ್ತವಲ್ಲ, ಅಲ್ಲಿಗೆ. ಬಿಳಿ ಹಕ್ಕಿ, ಅಂದಮೇಲೆ ಏರಿಸಬೇಕು ಎಂದು ಒಂದೂವರೆ ಏರಿಸಿ ಇಡೀ ಕಾರ್ಡ್ ಮುಗಿಸಿದೆ. ಒಂದರಲ್ಲೂ ರೆಕ್ಕೆಯ ಗರಿ ಇಲ್ಲ, ಎಲ್ಲ ಬರ್ನ್ ಆಗಿ ಸುಣ್ಣದ ಚುಕ್ಕೆ. 35ರ ಲೆನ್ಸಿಗೆ ಹಕ್ಕಿ ಸಾಸಿವೆಯಷ್ಟೇ ಕಾಣುತ್ತದೆ. ಫ್ರೇಮ್ ತುಂಬ ಇದ್ದದ್ದು ಕಡು ಹಸಿರು. ಮೀಟರ್ ಅದನ್ನು ಕಂಬಳಿ ಅಂದುಕೊಂಡು ಆಗಲೇ ಏರಿಸಿತ್ತು, ಅದರ ಮೇಲೆ ನಾನೂ ಏರಿಸಿದ್ದೆ. ಇಳಿಸಬೇಕಿತ್ತು. ವಸ್ತುವಿನ ಬಣ್ಣ ನೋಡಬಾರದು, ಫ್ರೇಮಿನಲ್ಲಿ ಯಾವುದು ಹೆಚ್ಚು ಜಾಗ ತುಂಬಿದೆ ಅನ್ನುವುದನ್ನು ನೋಡಬೇಕು. ಒಂದು ವಾರದ ಕಾರ್ಡ್ ಮತ್ತು ಬಸ್ ಚಾರ್ಜ್ ಹೋಯಿತು. ಒಂಬತ್ತು ಸಾವಿರ ಕೊಟ್ಟ ಕಡೆ ಇದನ್ನು ಯಾರೂ ಹೇಳಿರಲಿಲ್ಲ.

ಅದೇ ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಬಂತು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಶಿವಮೊಗ್ಗದಲ್ಲಿ ಬಿಚ್ಚಿ ಒರೆಸಲು 1,800 ತೆಗೆದುಕೊಂಡರು. ಎರಡನೇ ಸಲ ಬರಬಾರದೆಂದು ಅಕ್ಕಿ ತುಂಬಿದ ಡಬ್ಬಿಯಲ್ಲಿಟ್ಟೆ. ಅಕ್ಕಿಯ ಹಿಟ್ಟು ಫೋಕಸ್ ರಿಂಗಿನೊಳಗೆ ಹೋಯಿತು. ಬೀಜ ಇಡುವ ಹಾಗೆ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ನಾಲ್ಕು ದಿನಕ್ಕೆ ಗಾಜಿನ ಮೇಲೆ ಹೊಗೆಯ ಜಿಡ್ಡು. ಕೊನೆಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕೆ.ಜಿ. ನೀಲಿ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್, ಎಲ್ಲ ಸೇರಿ 700ರೊಳಗೆ ಆಯಿತು. ಮುಳ್ಳು ಶೇಕಡಾ 45ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಜೆಲ್ ಗುಲಾಬಿಗೆ ತಿರುಗಿದಾಗ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ. ಅಡುಗೆಯ ಬಾಣಲೆ ಬೇಡ, ಬೇರೆಯೇ ಇಟ್ಟುಕೊಳ್ಳಿ.

ದುಡ್ಡಿಗೆ ಮಾಡಿದ ಮೊದಲ ಕೆಲಸ ಒಂದು ನಾಮಕರಣ, ಮೂರು ಸಾವಿರಕ್ಕೆ. ಕೆಂಪು ನೀಲಿ ಬಟ್ಟೆಯ ಶಾಮಿಯಾನದ ಕೆಳಗೆ ಮಗುವಿನ ಒಂದು ಕೆನ್ನೆ ಕೆಂಪು, ಇನ್ನೊಂದು ನೀಲಿ. ಫೋಕಸ್ ಎಲ್ಲಿ ಹಿಡಿಯಬೇಕೆಂಬುದನ್ನು ಕ್ಯಾಮೆರಾದ ಎಲ್ಲ ಪಾಯಿಂಟಿಗೂ ಬಿಟ್ಟಿದ್ದೆ, ತಾಯಿಯ ಮುಖ ಬಿಟ್ಟು ಮಲ್ಲಿಗೆ ಮಾಲೆಯನ್ನು ಹಿಡಿದುಕೊಂಡಿತ್ತು. 2,000 ವಾಪಸ್ ಕೊಟ್ಟೆ. ಅವರು ಬೇಡವೆಂದರೂ ಕೊಟ್ಟೆ. ಅಂದಿನಿಂದ ನಡುವಿನ ಒಂದೇ ಪಾಯಿಂಟ್. ಶಾಮಿಯಾನದ ಬಣ್ಣಕ್ಕೆ ಆಮೇಲೆ ನಾನೇ ಒಂದು ಉಪಾಯ ಕಂಡುಕೊಂಡೆ. ಹದಿನೈದು ರೂಪಾಯಿಯ ಒಂದು ವಸ್ತು ಸಾಕು. ಅದೇನೆಂದು ಸದ್ಯಕ್ಕೆ ನನ್ನಲ್ಲೇ ಇರಲಿ, ಈ ಸೀಸನ್ನಿನಲ್ಲಿ ಅದರಿಂದಲೇ ಮೂರು ಕೆಲಸ ಬಂದಿವೆ.

ಪ್ರಿಂಟಿನ ವಿಷಯಕ್ಕೆ ಯಾರೂ ಖರ್ಚು ಮಾಡುವುದಿಲ್ಲ, ನಾನು ಮಾಡಿದೆ. ವಾರಕ್ಕೆ ನಾಲ್ಕು, 4×6 ಅಳತೆ, ಒಂದಕ್ಕೆ ಹತ್ತು ರೂಪಾಯಿ. ವರ್ಷಕ್ಕೆ ಎರಡು ಸಾವಿರದ ಚಿಲ್ಲರೆ. ಅಡುಗೆಮನೆಯ ಬಾಗಿಲಿನ ಪಕ್ಕ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕುತ್ತೇನೆ. ಹದಿನೈದು ದಿನ ಬಿಟ್ಟೂ ಮನೆಯವರು ಯಾವುದರ ಮುಂದೆ ನಿಲ್ಲುತ್ತಾರೋ ಅದು ಉಳಿಯುತ್ತದೆ, ಮಿಕ್ಕದ್ದು ಪೆಟ್ಟಿಗೆಗೆ. ಅತ್ತೆಯವರು ಒಮ್ಮೆ ಅಡಿಕೆ ಬೇಯಿಸುವ ಚೊಗರಿನ ಹಂಡೆಯ ಚಿತ್ರ ನೋಡಿ "ಇದರಲ್ಲಿ ಬೆಂಕಿ ಎಲ್ಲಿದೆಯೇ?" ಎಂದು ಕೇಳಿದರು. ಉರಿಯನ್ನು ಫ್ರೇಮಿನಿಂದ ಹೊರಗೆ ಬಿಟ್ಟಿದ್ದೆ. ಕ್ಯಾಲೆಂಡರಿನ ಡಿಸೆಂಬರ್ ಚಿತ್ರದಲ್ಲಿರುವ ಬೆಂಕಿ ಆ ಪ್ರಶ್ನೆಯಿಂದ ಬಂದದ್ದು.

ಬೇರೆಯವರ ಚಿತ್ರ ನೋಡುವುದಕ್ಕೂ ಒಂದು ಕ್ರಮ ಮಾಡಿಕೊಂಡೆ. ಮೈಸೂರಿನ ಟಿ.ಎಸ್. ಸತ್ಯನ್ ಅವರ (1923–2009) ಕಪ್ಪು-ಬಿಳುಪು ಚಿತ್ರಗಳು, ಅದರಲ್ಲೂ ಮಕ್ಕಳ ಚಿತ್ರಗಳು, ನನಗೆ ಬಹಳ ಇಷ್ಟ. ಅವುಗಳ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಮೂಗಿನ ನೆರಳು ಯಾವ ಕಡೆ ಬಿದ್ದಿದೆ, ಬೆಳಕು ಎಲ್ಲಿಂದ ಬಂದಿದೆ ಎಂದು ಬಾಣದ ಗುರುತು ಹಾಕುತ್ತಿದ್ದೆ. ಸುಮಾರು ಐವತ್ತು ಚಿತ್ರಕ್ಕೆ ಹಾಕಿದ ಮೇಲೆ ನಮ್ಮ ಜಗಲಿಯಲ್ಲಿ ಮಕ್ಕಳನ್ನು ಎಲ್ಲಿ ಕೂರಿಸಬೇಕು ಎಂಬುದು ತಾನಾಗಿ ಗೊತ್ತಾಯಿತು. ಆಗುಂಬೆಯ ಸೂರ್ಯಾಸ್ತಕ್ಕೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಕ್ಯಾಮೆರಾ ಹಿಡಿದು ಹೋಗಿಲ್ಲ. ಕಲಿಯುವವರು ಅಲ್ಲಿಂದ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಬೆಳಕು ತಾನೇ ಎಲ್ಲ ಕೆಲಸ ಮಾಡಿಬಿಡುತ್ತದೆ.

ನಡುವೆ ಕೆಲವು ಪ್ರಯೋಗಗಳಿಗೂ ಕೈಹಾಕಿದೆ. ಬಾಡಿ ಕ್ಯಾಪಿಗೆ (ಲೆನ್ಸ್ ತೆಗೆದಾಗ ಕ್ಯಾಮೆರಾದ ಬಾಯಿಗೆ ಹಾಕುವ ಮುಚ್ಚಳ) ತೂತು ಕೊರೆದು, ತಂಪುಪಾನೀಯದ ಡಬ್ಬಿಯ ತಗಡಿಗೆ ಸೂಜಿಯಿಂದ ಚುಚ್ಚಿ ಅಂಟಿಸಿ ಪಿನ್‌ಹೋಲ್ ಮಾಡಿದೆ. ಲೆಕ್ಕ ಹಾಕಿದರೆ ಎಫ್ 150ರ ಹತ್ತಿರ ಬಂತು. ಐಎಸ್‌ಒ 100ರಲ್ಲಿ ನೆಟ್ಟ ಬಿಸಿಲಿಗೂ ಒಂದು ಸೆಕೆಂಡ್ ಬೇಕು. ಚಿತ್ರ ಚೆನ್ನಾಗಿಯೇ ಬಂತು, ಆದರೆ ಕೊರೆದ ಪುಡಿ ಸರಿಯಾಗಿ ಒರೆಸದೆ ಹಾಕಿದ್ದರಿಂದ ಸೆನ್ಸರ್ ತೊಳೆಸಲು 800 ಹೋಯಿತು. 350 ರೂಪಾಯಿಯ ರಿಂಗ್ ತಂದು ಲೆನ್ಸನ್ನು ಹಿಂದುಮುಂದಾಗಿ ತಿರುಗಿಸಿ ಹಾಕಿ ಅಡಿಕೆಯ ಹಿಂಗಾರದ ಹೂವನ್ನು ತೀರಾ ಹತ್ತಿರದಿಂದ ತೆಗೆದೆ. ಲೆನ್ಸ್ ತಿರುಗಿದ ಮೇಲೆ ಅಪರ್ಚರ್ ಕ್ಯಾಮೆರಾದ ಮಾತು ಕೇಳುವುದಿಲ್ಲ, ಫೋಕಸಿಗೆ ನಾವೇ ಹಿಂದೆ ಮುಂದೆ ವಾಲಬೇಕು. ಇದು ಖರ್ಚಿಗೆ ತಕ್ಕ ಲಾಭ ಕೊಟ್ಟ ಪ್ರಯೋಗ.

ರಾತ್ರಿ ಅಡಿಕೆ ಸುಲಿಯುವಲ್ಲಿ ಬೇರೆಯೇ ಸಮಸ್ಯೆ. ಮೆಟ್ಟುಗತ್ತಿಯ ಮೇಲೆ ಕೈ ಓಡುವ ವೇಗಕ್ಕೆ ಇನ್ನೂರೈವತ್ತನೇ ಒಂದು ಇಟ್ಟರೆ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ. ಕ್ಯಾಮೆರಾ ಕೆಟ್ಟಿತು ಎಂದು ಹೆದರಿದ್ದೆ. ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರನ್ನು ನೂರಕ್ಕೋ ಐವತ್ತಕ್ಕೋ ಇಳಿಸಿದರೆ ಪಟ್ಟೆ ಮಾಯ. ಕೈ ಸ್ವಲ್ಪ ಅಲುಗಿದ ಹಾಗೆ ಬರುತ್ತದೆ, ಮುಖ ನಿಂತಿರುತ್ತದೆ. ಸುಲಿಯುವ ಚಿತ್ರಕ್ಕೆ ಅದೇ ಚಂದ. ಯಕ್ಷಗಾನದ ರಂಗಸ್ಥಳದ ದೀಪಕ್ಕೂ ಇದೇ ದಾರಿಯಲ್ಲಿ ಹುಡುಕಿ ಒಂದು ಸೆಟ್ಟಿಂಗ್ ಹಿಡಿದಿದ್ದೇನೆ. ಅದನ್ನು ಇನ್ನೊಂದು ತಿರುಗಾಟ ನೋಡಿಕೊಂಡು ಹೇಳುತ್ತೇನೆ.

ಸ್ಟುಡಿಯೋದವರ ಹುಡುಗನ ಹತ್ತಿರ ನನ್ನದಕ್ಕಿಂತ ನಾಲ್ಕು ಪಟ್ಟು ಬೆಲೆಯ ಕ್ಯಾಮೆರಾ ಇದೆ. ಅದಕ್ಕೂ ಟೇಪ್ ಸುತ್ತಿಸಿದ್ದೇನೆ. ಅಷ್ಟು ಸಣ್ಣ ಕಾರ್ಡ್ ಈಗ ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ ಮೂವತ್ತಾರು ಹುಣಸೆಬೀಜ ಕೊಟ್ಟಿದ್ದೇನೆ. ಒಂದು ಕ್ಲಿಕ್ಕಿಗೆ ಒಂದು ಬೀಜ ಎಡ ಜೇಬಿನಿಂದ ಬಲ ಜೇಬಿಗೆ. ಮೊದಲ ವಾರ ಮಂಗಳವಾರಕ್ಕೇ ಬೀಜ ಮುಗಿಸಿ ಬಂದಿದ್ದ. ಮೊನ್ನೆ ಶನಿವಾರ ಬಂದಾಗ ಹನ್ನೊಂದು ಉಳಿದಿದ್ದವು, ಪುಸ್ತಕದಲ್ಲಿ ಅಂದಾಜು ಎರಡು ಸ್ಟಾಪಿನೊಳಗಿತ್ತು. "ಅಕ್ಕ, ಉಳಿದದ್ದನ್ನ ಮುಂದಿನ ವಾರಕ್ಕೆ ಸೇರಿಸಬಹುದಾ?" ಎಂದು ಕೇಳಿದ. ಬೇಡ ಎಂದೆ. ಸೋಮವಾರ ಮತ್ತೆ ಮೂವತ್ತಾರೇ.