ಎತ್ತರದ ಇಬ್ಬರು ಆಟಗಾರರಲ್ಲಿ ಮುಂದೆ ಬೆಳೆಯುವವರನ್ನು ಗುರುತಿಸುವುದು ಹೇಗೆ?

ಕಾಸರಗೋಡಿನ ಕಾಲೇಜು ಬಾಸ್ಕೆಟ್‌ಬಾಲ್ ತಂಡಕ್ಕೆ ಇಬ್ಬರು ಎತ್ತರದ ಹುಡುಗರಲ್ಲಿ ಒಬ್ಬನನ್ನು ರಿಂಗಿನ ಹತ್ತಿರ ಆಡುವ ಸೆಂಟರ್ ಸ್ಥಾನಕ್ಕೆ ಆರಿಸುವಾಗ, ಗಳಿಸಿದ ಅಂಕಗಳನ್ನಷ್ಟೇ ನೋಡಿ ತೀರ್ಮಾನಿಸಬಾರದು. ರಿಂಗ್ 3.05 ಮೀಟರ್ ಎತ್ತರದಲ್ಲಿರುವುದರಿಂದ, ನಿಂತಲ್ಲಿಯೇ ಕೈಯೆತ್ತಿದಾಗ ಬೆರಳ ತುದಿ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ ಅಳೆಯಿರಿ. ಆಳಿನ ಎತ್ತರಕ್ಕಿಂತ ಇದೇ ಮುಖ್ಯ.

ಆಮೇಲೆ ಪಾದಗಳನ್ನು ಗಮನಿಸಿ. ಚೆಂಡನ್ನು ನಡೆಸುವ ಎದುರಾಳಿ ಗಾರ್ಡ್, ಜೊತೆಗಾರ ಅಡ್ಡ ನಿಂತು ಒಡ್ಡುವ ತಡೆಯನ್ನು (ಸ್ಕ್ರೀನ್) ಬಳಸಿ ನುಗ್ಗಿದಾಗ ಯಾರು ಸೊಂಟ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಾರೆ, ಯಾರು ಕಾಲಿಗೆ ಕಾಲು ತೊಡರಿ ತಡವರಿಸುತ್ತಾರೆ ಎಂಬುದು ಮುಂದಿನ ಬೆಳವಣಿಗೆಯನ್ನು ಬಹುಮಟ್ಟಿಗೆ ತಿಳಿಸುತ್ತದೆ. ಫ್ರೀ ಥ್ರೋದಲ್ಲಿ, ಅಂದರೆ ಯಾರ ಅಡ್ಡಿಯೂ ಇಲ್ಲದೆ ಗೆರೆಯ ಹಿಂದೆ ನಿಂತು ಎಸೆಯುವಾಗ, ಮಣಿಕಟ್ಟು ಹದವಾಗಿ ಬಾಗುವವನಿಗೆ ದೂರದ ಎಸೆತವನ್ನೂ ಕಲಿಸಬಹುದು. ಇಬ್ಬರ ಆಟ ಸಮವಾಗಿದ್ದರೆ, 22 ವರ್ಷದವನಿಗಿಂತ 18 ವರ್ಷದವನನ್ನೇ ನಾನು ಆರಿಸುತ್ತೇನೆ. ಮಳೆಗಾಲದಲ್ಲಿ ಹೊರಾಂಗಣದ ಅಂಕಣ ಒದ್ದೆಯಾಗಿರುವಾಗ ಈ ಪರೀಕ್ಷೆ ಬೇಡ. ಜಾರುವ ಭಯದಲ್ಲಿ ಯಾರ ಹೆಜ್ಜೆಯೂ ಸರಿಯಾಗಿ ಕಾಣುವುದಿಲ್ಲ.