ಅಂಗುಳಿನ ಶಸ್ತ್ರಚಿಕಿತ್ಸೆಯ ಬಳಿಕ ಮತ್ತೆ ಉಣ್ಣಲು, ಮಾತಾಡಲು

ಮೇಲ್ದವಡೆಯ ಕ್ಯಾನ್ಸರ್‌ಗಾಗಿ ಅಂಗುಳಿನ ಒಂದು ಭಾಗವನ್ನು ತೆಗೆದಾಗ ಬಾಯಿ ಮತ್ತು ಮೂಗಿನ ನಡುವಿನ ತಡೆಯೇ ಇಲ್ಲವಾಗಿ, ಕುಡಿದ ಗಂಜಿ ಮೂಗಿನಿಂದ ಬರುತ್ತದೆ, ಆಡಿದ ಮಾತು ಮನೆಯವರಿಗೂ ತಿಳಿಯದಂತಾಗುತ್ತದೆ. ಆ ರಂಧ್ರವನ್ನು ಮುಚ್ಚುವ, ಹಲ್ಲಿನ ಸೆಟ್ಟಿನಂತೆ ತೆಗೆದು ಹಾಕಬಹುದಾದ ಅಕ್ರಿಲಿಕ್ ತಟ್ಟೆಗೆ ಆಬ್ಟ್ಯುರೇಟರ್ ಎನ್ನುತ್ತಾರೆ. ಮುಂಬಯಿ ಕನ್ನಡಿಗರೂ, ವಿಜಯಪುರ, ಕಲಬುರಗಿಗಳಿಂದ ಪರೇಲಿನ ಟಾಟಾ ಆಸ್ಪತ್ರೆಗೆ ಬರುವವರೂ ಮೊದಲು ತಿಳಿಯಬೇಕಾದದ್ದು, ಇದರ ಸಿದ್ಧತೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಆಗಬೇಕು ಎಂಬುದನ್ನು.

ಆಪರೇಷನ್ ನಿಶ್ಚಯವಾದ ಕೂಡಲೇ ಕೃತಕ ದಂತ ತಜ್ಞರ ಬಳಿಗೆ ಕಳಿಸುವಂತೆ ಸರ್ಜನ್‌ರನ್ನು ಕೇಳಿ. ಅವರು ಬಾಯಿಯ ಅಚ್ಚು ತೆಗೆದುಕೊಳ್ಳುತ್ತಾರೆ. ಉಳಿಯುವ ಹಲ್ಲುಗಳೇ ತಟ್ಟೆಗೆ ಆಧಾರವಾದ್ದರಿಂದ ಹುಳುಕು ತುಂಬಿಸಿಕೊಳ್ಳಿ. ಮುಂದೆ ರೇಡಿಯೇಷನ್ ಇದ್ದರೆ, ಉಳಿಸಲಾಗದ ಹಲ್ಲುಗಳನ್ನು ಗಾಯ ಮಾಯಲು ಎರಡು ಮೂರು ವಾರ ಬಿಟ್ಟು ಮುಂಚೆಯೇ ಕೀಳಿಸಬೇಕು; ರೇಡಿಯೇಷನ್ ನಂತರ ಕಿತ್ತರೆ ದವಡೆಯ ಮೂಳೆಯೇ ಸಾಯುವ ಅಪಾಯವಿದೆ.

ಮೊದಲ ತಟ್ಟೆಯನ್ನು ಆಪರೇಷನ್ ಟೇಬಲ್ಲಿನ ಮೇಲೆಯೇ ಕೂರಿಸುತ್ತಾರೆ. ಸುಮಾರು ಒಂದು ವಾರದ ನಂತರ ತಾತ್ಕಾಲಿಕ ತಟ್ಟೆ ಬರುತ್ತದೆ. ಗಾಯ ಕುಗ್ಗಿದಂತೆಲ್ಲ ಅದನ್ನು ಸರಿಹೊಂದಿಸುತ್ತಿರಬೇಕು. ಕಾಯಂ ತಟ್ಟೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೆ, ರೇಡಿಯೇಷನ್ ಆದವರಿಗೆ ಇನ್ನೂ ತಡವಾಗಿ ಸಿಗುತ್ತದೆ. ರಂಧ್ರದೊಳಗೆ ಕೂರುವ ಅದರ ಉಬ್ಬನ್ನು ಭಾರ ಕಡಿಮೆಯಾಗಲೆಂದು ಟೊಳ್ಳಾಗಿ ಮಾಡಲಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಬಾಯಿ ತೆರೆಯದಿದ್ದರೆ ತಟ್ಟೆ ಒಳಗೆ ಹೋಗುವುದಿಲ್ಲ. ಗುಟ್ಕಾ ತಿಂದು ಮೊದಲೇ ಬಾಯಿ ಬಿಗಿದವರಿಗೆ ಈ ಕಷ್ಟ ಹೆಚ್ಚು, ಹಾಗಾಗಿ ವ್ಯಾಯಾಮವನ್ನು ಔಷಧಿಯಷ್ಟೇ ನಿಷ್ಠೆಯಿಂದ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ವೈದ್ಯರು ಅನುಮತಿ ಕೊಟ್ಟ ಮೇಲೆ, ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳಿ. ದಿನಕ್ಕೆ ಹಲವು ಬಾರಿ ಮಾಡುತ್ತ, ಕೆಲವು ದಿನಗಳಿಗೊಮ್ಮೆ ಒಂದು ಕಡ್ಡಿ ಸೇರಿಸಿ. ಬಾಯಿ 35 ಮಿಲಿಮೀಟರ್ ತೆರೆಯುವುದು ಗುರಿಯಾಗಿರಲಿ.

ಊಟವನ್ನು ನೆಟ್ಟಗೆ ಕುಳಿತು, ಮೆತ್ತನೆಯ ಅನ್ನ ಅಥವಾ ಅಂಬಲಿಯಿಂದ ಆರಂಭಿಸಿ, ಆಪರೇಷನ್ ಆಗದ ಬದಿಯಲ್ಲಿ ಅಗಿಯಿರಿ. ಮಾತಿಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಅಭ್ಯಾಸ ಒಳ್ಳೆಯದು. ‘ಹಬ್ಬ’ ಎಂದದ್ದು ‘ಹಮ್ಮ’ ಎಂದು ಕೇಳಿಸಿದರೆ ಗಾಳಿ ಮೂಗಿಗೆ ಸೋರುತ್ತಿರಬಹುದು, ಅದನ್ನು ತಜ್ಞರಿಗೆ ತಿಳಿಸಿ.

ಪ್ರತಿ ಊಟದ ನಂತರ ತಟ್ಟೆಯನ್ನು ಮೃದು ಬ್ರಷ್ ಮತ್ತು ಸೋಪಿನಿಂದ ತೊಳೆಯಿರಿ. ಬಿಸಿನೀರು ತಗುಲಿದರೆ ಅದು ಸೊಟ್ಟಗಾಗುತ್ತದೆ. ಮೊದಲ ತಿಂಗಳುಗಳಲ್ಲಿ ಅದನ್ನು ಬಹಳ ಹೊತ್ತು ತೆಗೆದಿಟ್ಟರೆ ಗಾಯ ಕುಗ್ಗಿ ಮತ್ತೆ ಕೂರದೇ ಹೋಗಬಹುದು, ಆದ್ದರಿಂದ ರಾತ್ರಿ ತೆಗೆಯಬೇಕೇ ಎಂಬುದನ್ನು ವೈದ್ಯರಲ್ಲೇ ಕೇಳಿ. ತಟ್ಟೆ ಒತ್ತಿ ಹುಣ್ಣಾದರೆ ಮನೆಯಲ್ಲಿ ಉಜ್ಜಿ ಸರಿಪಡಿಸಲು ಹೋಗದೆ ಆಸ್ಪತ್ರೆಗೇ ಒಯ್ಯಿರಿ. ಅದನ್ನು ತೆಗೆದಾಗ ವೈದ್ಯರು ರಂಧ್ರದ ಒಳಗನ್ನು ನೇರವಾಗಿ ನೋಡಿ, ಕ್ಯಾನ್ಸರ್ ಮರಳಿದೆಯೇ ಎಂದೂ ಪರೀಕ್ಷಿಸುತ್ತಾರೆ.